ಅವ್ವ ಹಾಕಿದ ಕೊಸರು

ಮೊನ್ನೆ ಪಂಚಮಿಗೆಂದು ಮುಂಡಗೋಡದಿಂದ ದಾಂಡೇಲಿಯ ತವರಿಗೆ ಹೊರಟವಳು, ಹಳಿಯಾಳದಲ್ಲಿ ಬಸ್ಸು ಬದಲಿಸುವ ಮುಂಚೆ ಒಂದು ಹೊಸ ಹೋಟೆಲು ಹೊಕ್ಕು ಚಹಾ ಹೇಳಿದೆ. ಬಂತು. ಬಿಳಿ ಕಪ್ಪು, ಅದರಲ್ಲಿ ಮುಕ್ಕಾಲು ಮಟ್ಟಕ್ಕೆ ಚಹಾ, ಕೆಳಗೆ ಒಂದು ಹನಿಯೂ ಬಿದ್ದಿರದ ಒಣ ಬಶಿ. ನಾನು ಆ ಬಶಿಯನ್ನೇ ನೋಡುತ್ತ ಕೂತೆ. ನಿಮಗೆ ನಗು ಬರಬಹುದು. ಆದರೆ ನಮ್ಮ ಮನೆಯಲ್ಲಿ ಬೆಳೆದವರಿಗೆ ಒಣ ಬಶಿ ಎಂದರೆ ಅರ್ಧ ಅವಮಾನ. ನಮ್ಮಲ್ಲಿ ಚಹಾ ಅಂದರೆ ಕಪ್ಪು ತುಂಬಿ, ಬಶಿಗೂ ಇಳಿದು, ಎತ್ತಿದಾಗ ಸೀರೆಯ ಮೇಲೆ ಎರಡು ಹನಿ ಬೀಳಬೇಕು. ಆಗ ಅವ್ವನಿಗೆ ಸಮಾಧಾನ.

ಹೋಟೆಲಿನವರದು ತಪ್ಪೇನಿಲ್ಲ, ಅವರು ಅಳತೆ ಬಲ್ಲವರು. ಅಳತೆಯ ವಿಷಯದಲ್ಲಿ ನಮ್ಮ ಮನೆಗೂ ಕಳೆದ ದೀಪಾವಳಿ ಆದಮೇಲೆ ಒಂದು ಪಾಠವಾಯಿತು. ಪಾಠ ಹೇಳಿದ್ದು ಎರಡೇ ಸೀಟಿನ ಒಂದು ಸ್ಪೋರ್ಟ್ಸ್ ಕಾರು. ಅದರ ಸುದ್ದಿಗೆ ಬರುತ್ತೇನೆ, ಅವಸರ ಮಾಡಬೇಡಿ. ಮೊದಲು ಅವ್ವನ ಕೈಯ ಬಗ್ಗೆ ಹೇಳದಿದ್ದರೆ ಕಾರಿನ ಕಥೆ ತಲೆಬುಡ ತಿಳಿಯುವುದಿಲ್ಲ.

ಕೊಸರು ಎಂದರೆ ನಿಮಗೆ ಗೊತ್ತು. ಸಂತೆಯಲ್ಲಿ ಅಳೆದು ಕೊಟ್ಟಾದ ಮೇಲೆ ಮಾರುವವಳು ಚೀಲಕ್ಕೆ ಹಾಕುವ ಒಂದು ಹಿಡಿ ಹೆಚ್ಚಿನದು. ಸಂತೆಯವರು ಗಿರಾಕಿಗೆ ಮಾತ್ರ ಕೊಸರು ಹಾಕುತ್ತಾರೆ. ನಮ್ಮ ಅವ್ವ ಕಂಡಕಂಡವರಿಗೆಲ್ಲ ಹಾಕುತ್ತಾಳೆ. ಅಪ್ಪ ಪೇಪರ್ ಮಿಲ್ಲಿನ ಬಾಯ್ಲರ್ ಕಡೆ ಕೆಲಸಕ್ಕಿದ್ದಾಗ ಅವನ ಊಟದ ಡಬ್ಬಿಯ ಮುಚ್ಚಳ ಒಂದು ದಿನವೂ ಸರಿಯಾಗಿ ಕೂತದ್ದಿಲ್ಲ. ಪುಂಡಿಪಲ್ಲೆ ಸೈಕಲ್ಲಿನ ಹ್ಯಾಂಡಲ್ಲಿನಿಂದ ಇಳಿದು ಅಪ್ಪನ ಪ್ಯಾಂಟಿಗೆ ಬರುತ್ತಿತ್ತು. ಅಪ್ಪ ಶಿಫ್ಟಿಗೆ ಬಂದದ್ದು ಜತೆಯವರಿಗೆ ಸೈರನ್ನಿಗಿಂತ ಮೊದಲು ವಾಸನೆಯಿಂದಲೇ ತಿಳಿಯುತ್ತಿತ್ತಂತೆ. ನನ್ನ ಪೆನ್ನಿಗೆ ಶಾಯಿ ಹಾಕುತ್ತಿದ್ದವಳೂ ಅವಳೇ. ನನ್ನ ಶಾಲೆಯ ಅಂಗಿಯ ಜೇಬಿನ ಮೇಲೆ ನೀಲಿ ಕಲೆ ಇಲ್ಲದ ದಿನ ಮಾಸ್ತರರು ‘ಹೊಸ ಅಂಗಿಯೇನು?’ ಎಂದು ಕೇಳುತ್ತಿದ್ದರು. ಊಟಕ್ಕೆ ಕೂತವರು ‘ಸಾಕು’ ಅಂದರೆ ಅವ್ವನಿಗೆ ಅದು ಕೇಳುವುದೇ ಇಲ್ಲ. ಎರಡನೇ ಸಲ ಅಂದಾಗ ನಗುತ್ತಾಳೆ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳುಗಳ ಸಂದಿಯಿಂದ ತುಪ್ಪ ಬಿಡುತ್ತಾಳೆ. ಈ ಊಟದ ಫಲ ನೋಡಬೇಕೆಂದರೆ ನೀವು ನನ್ನನ್ನು ಒಮ್ಮೆ ನೋಡಿದರೆ ಸಾಕು. ಬಸ್ಸಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾನು ಕೂತರೆ ಮೂರನೆಯವರು ನಿಂತೇ ಇರುತ್ತಾರೆ.

ಎಲ್ಲಕ್ಕೂ ಹೆಚ್ಚು ಉಡಿ ತುಂಬುವಾಗ. ತವರಿನಿಂದ ಹೊರಟ ಮಗಳ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಮಡಿಲು ತುಂಬಿಸಿಕೊಂಡವಳು ಅದರಿಂದಲೇ ಐದು ಕಾಳು ತೆಗೆದು ತುಂಬಿದವಳ ಮೊರಕ್ಕೆ ಮರಳಿ ಹಾಕುತ್ತಾಳೆ, ತವರೂ ತುಂಬಿರಲಿ ಎಂದು. ಅವ್ವ ಉಡಿ ತುಂಬಿದರೆ ನಾನು ಏಳಲು ಗೋಡೆ ಹಿಡಿಯಬೇಕು. ಒಮ್ಮೆ ಬಸ್ಸಿನ ಕಂಡಕ್ಟರು ನನ್ನ ಮಡಿಲು ನೋಡಿ, ‘ಇದು ಲಗೇಜೋ ಮನಷ್ಯಾರೋ ಹೇಳಿಬಿಡ್ರಿ’ ಎಂದಿದ್ದ.

ಇನ್ನು ಕಾರಿನ ವಿಷಯ. ನನ್ನ ತಮ್ಮ ಮಲ್ಲೇಶ ಅದೇ ಮಿಲ್ಲಿನಲ್ಲಿ ಫಿಟ್ಟರ್. ಚಿಕ್ಕವನಿದ್ದಾಗ ದಾಂಡೇಲಿಯಲ್ಲಿ ನಿಂತ ಒಂದು ಟಿಂಬರ್ ಲಾರಿಯನ್ನೂ ಅವನು ಸುಮ್ಮನೆ ಬಿಟ್ಟವನಲ್ಲ, ಎಲ್ಲದರ ಕೆಳಗೂ ಹೊಕ್ಕು ಬರುತ್ತಿದ್ದ. ನನ್ನ ಮದುವೆಯಾಗಿ ಮುಂಡಗೋಡದ ಬಸ್ಸು ಹತ್ತಿಸಿದ ದಿನ, ಟ್ರಂಕನ್ನು ಮೇಲೆ ಕಟ್ಟುವುದನ್ನು ನೋಡುತ್ತ ನಿಂತಿದ್ದವನು ಕಿಟಕಿಯ ಹತ್ತಿರ ಬಂದು, ‘ಅಕ್ಕಾ, ಒಂದಿನ ನನ್ನ ಸ್ವಂತ ಗಾಡ್ಯಾಗ ನಿನ್ನ ಗಂಡನ ಮನಿಗೆ ಬಿಟ್ಟು ಬರ್ತೇನಿ, ಬಸ್ಸಿನ್ಯಾಗ ಅಲ್ಲ’ ಎಂದಿದ್ದ. ನಾನು ಅಳುತ್ತಿದ್ದೆ, ಹೂಂ ಎಂದೆ. ಆಮೇಲೆ ಮರೆತೂ ಬಿಟ್ಟೆ. ಅವನು ಮರೆಯಲಿಲ್ಲ. ಮದುವೆ ಮಾಡಿಕೊಳ್ಳುವುದನ್ನು ಮಾತ್ರ ಮರೆತ.

ಗೋವಾದ ಯಾರದೋ ತೆಂಗಿನ ತೋಟದ ಶೆಡ್ಡಿನಲ್ಲಿ ಆ ಕಾರು ವರ್ಷಗಟ್ಟಲೆ ಬಿದ್ದಿತ್ತಂತೆ. ಒಳಗೆ ಕೋಳಿಗಳು ಸಂಸಾರ ಮಾಡಿದ್ದವು. ಮಲ್ಲೇಶ ಮತ್ತು ಅವನ ಜತೆಗಾರ ಕೈತಾನ್ ಸೇರಿ ಅದನ್ನು ಟೆಂಪೋದ ಮೇಲೆ ಹೇರಿಕೊಂಡು ಘಟ್ಟ ಹತ್ತಿಸಿ ತಂದರು. ಕೈತಾನ್ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಜನಾಂಗದವನು, ಮಿಲ್ಲಿನಲ್ಲಿ ಮಲ್ಲೇಶನದೇ ಶಿಫ್ಟು. ಆರು ಅಡಿ ಎತ್ತರದ ಆಳು, ಅವನು ನಕ್ಕರೆ ನಮ್ಮ ಮನೆಯ ಹಂಚು ಅಲ್ಲಾಡುತ್ತದೆ. ದಾರಿಯಲ್ಲಿ ಕುಂಬಾರವಾಡದ ಹತ್ತಿರ ಟೆಂಪೋ ನಿಲ್ಲಿಸಿದಾಗ, ಯಾವಾಗಲೋ ಬರುವ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತುವರಿದರಂತೆ. ಒಬ್ಬ ಮುದುಕಿ ಕಾರನ್ನು ಒಂದು ಸುತ್ತು ಹಾಕಿ ನೋಡಿ, ‘ಉಳಿದ ಅರ್ಧ ಹಿಂದಿನ ಗಾಡಿಯಲ್ಲಿ ಬರ್ತದೋ?’ ಎಂದು ಕೇಳಿದಳಂತೆ. ಕೈತಾನ್ ಈ ಮಾತನ್ನು ಈಗಲೂ ಹೇಳಿ ಹೇಳಿ ನಗುತ್ತಾನೆ.

ಆಮೇಲೆ ವರ್ಷಗಳು ಹೋದವು. ಶಿಫ್ಟು ಮುಗಿಸಿ ಬಂದವರು ಹಿತ್ತಲ ತಗಡಿನ ಶೆಡ್ಡಿನಲ್ಲಿ ಕೂತುಬಿಡುತ್ತಿದ್ದರು. ನಾನು ಒಮ್ಮೆ ಬಂದಾಗ ಇಡೀ ಇಂಜಿನ್ನನ್ನು ಬಿಚ್ಚಿ, ಒಂದೊಂದು ತುಂಡನ್ನೂ ತೊಳೆದು, ಅವ್ವನ ಹಳೆಯ ದುಪ್ಪಟಿಯ ಮೇಲೆ ಸಾಲಾಗಿ ಇಟ್ಟಿದ್ದರು. ಹಬ್ಬಕ್ಕೆ ಬೆಳಗಿಟ್ಟ ಪಾತ್ರೆಗಳ ಹಾಗೆ ಎಲ್ಲ ಹೊಳೆಯುತ್ತಿದ್ದವು. ನಾನು ಸೆರಗು ಎತ್ತಿಕೊಂಡು ದೂರವೇ ನಿಂತೆ, ತಾಗಿದರೆ ಏನಾದೀತೋ ಎಂದು. ಮಲ್ಲೇಶ ನನ್ನ ಕೈ ಹಿಡಿದು ಒಂದು ಉಕ್ಕಿನ ದಂಡದ ಮೇಲೆ ಬೆರಳಾಡಿಸಿದ. ಕನ್ನಡಿಯಷ್ಟು ನುಣುಪು.

‘ಇದು ತಿರಗೂ ಮುಂದ ಕಬ್ಬಿಣ ಕಬ್ಬಿಣಕ್ಕ ಹತ್ತಂಗಿಲ್ಲಕ್ಕಾ,’ ಎಂದ. ‘ನಡುವ ಎಣ್ಣಿ ಪದರ ಇರತೈತಿ. ಕೂದಲಕ್ಕಿಂತ ಸಣ್ಣದು. ಇಷ್ಟೆಲ್ಲಾ ಭಾರ ಅದರ ಮ್ಯಾಲ ತೇಲಿಕೋತ ತಿರಗತೈತಿ.’

‘ಎಣ್ಣಿ ಮ್ಯಾಲ?’ ಎಂದೆ.

‘ಎಣ್ಣಿ ಮ್ಯಾಲನ.’

ಆ ರಾತ್ರಿ ಚಪಾತಿಗೆ ಎಣ್ಣೆ ಸವರುವಾಗ ನನ್ನ ಕೈ ಒಂದು ಕ್ಷಣ ನಿಂತಿತು. ನಾವು ದಿನಾ ಚೆಲ್ಲುವ, ಒರೆಸುವ, ಬೈದುಕೊಳ್ಳುವ ಈ ಜಿಡ್ಡಿನಂಥದೇ ಒಂದು ಜಿಡ್ಡು, ಕಣ್ಣಿಗೆ ಕಾಣದಷ್ಟು ತೆಳುವಾಗಿ ನಿಂತು, ಕಬ್ಬಿಣವನ್ನು ಕಬ್ಬಿಣದಿಂದ ಕಾಯುತ್ತದೆ ಎಂಬುದು ನನಗೆ ಬಹಳ ದೊಡ್ಡ ವಿಷಯವಾಗಿ ಕಂಡಿತು. ಈಗಲೂ ಹಾಗೆಯೇ ಕಾಣುತ್ತದೆ.

ಕಡೆಗೆ ಕಾರು ಸಿದ್ಧವಾಯಿತು. ಅರಿಶಿನದ ಬಣ್ಣ ಬಳಿದಿದ್ದರು. ಅವ್ವ ಆ ಬಣ್ಣ ನೋಡಿದ ದಿನದಿಂದ ಅದನ್ನು ‘ಆಕಿ’ ಎಂದೇ ಕರೆಯತೊಡಗಿದಳು. ಮಗ ಸೊಸೆಯನ್ನು ತರಲಿಲ್ಲ, ಇದನ್ನು ತಂದ. ಇರಲಿ, ಬಂದವಳು ಬಂದಳು ಎಂದು ಒಪ್ಪಿಕೊಂಡಿದ್ದಳು. ಊರೊಳಗೆ ಒಂದೆರಡು ಸುತ್ತು ಹೊಡೆದು ನೋಡಿದ್ದರು. ದೂರದ ಮೊದಲ ಪ್ರಯಾಣ ಮಾತ್ರ ನನಗಾಗಿ ಇಟ್ಟಿದ್ದ ಮಲ್ಲೇಶ. ದೀಪಾವಳಿಗೆ ಬಂದವಳನ್ನು ಮುಂಡಗೋಡಕ್ಕೆ ಬಿಟ್ಟುಬರುವುದು ಎಂದು ನಿಶ್ಚಯವಾಯಿತು. ಬಸ್ಸಿನ ಕಿಟಕಿಯಲ್ಲಿ ಹೇಳಿದ ಮಾತು ಅವನ ತಲೆಯಲ್ಲಿತ್ತು.

ಹೊರಡುವ ಹಿಂದಿನ ಸಂಜೆ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿದರು. ನಾನೂ ಅವ್ವನೂ ಕಟ್ಟೆಯ ಮೇಲೆ ಕೂತು ನೋಡಿದೆವು. ಡಬ್ಬಿಯಿಂದ ಜೇನಿನ ಬಣ್ಣದ ಎಣ್ಣೆ ಸದ್ದಿಲ್ಲದೆ ಇಳಿಯುತ್ತಿತ್ತು. ಮಲ್ಲೇಶ ನಿಲ್ಲಿಸಿ, ಕಾದು, ಇಂಜಿನ್ನಿನ ಮಗ್ಗುಲಿಂದ ಒಂದು ಉದ್ದನೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಒಳಗಿಟ್ಟು ತೆಗೆದು ನೋಡಿದ. ಕಡ್ಡಿಯ ತುದಿಯಲ್ಲಿ ಎರಡು ಗೆರೆ ಇರುತ್ತವೆ. ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಮೇಲಿನ ಗೆರೆಗೆ ಸರಿಯಾಗಿ ಎಣ್ಣೆ ನಿಂತಿತ್ತು. ಇಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಉಳಿದ ಎಣ್ಣೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಇಬ್ಬರೂ ಕೈತಾನನ ಬೈಕು ಹತ್ತಿ ಪೇಟೆಗೆ ಹೋದರು. ನಾನು ಬಟ್ಟೆ ಮಡಚಲು ಒಳಗೆ ಎದ್ದೆ. ಅವ್ವ ಅಲ್ಲಿಯೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಅವ್ವ ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ನೆಲಕ್ಕೆ ತಾಗುವಷ್ಟು ತಗ್ಗಿನ ಆ ಗಾಡಿಯೊಳಗೆ ಇಳಿಯುವುದು ಹೇಗೆ, ಇಳಿದ ಮೇಲೆ ಏಳುವುದು ಹೇಗೆ ಎಂಬುದೇ ನನ್ನ ಚಿಂತೆಯಾಗಿತ್ತು. ಮಲ್ಲೇಶ ಒಳಗೆ ಕೂತು ಚಾಲೂ ಮಾಡಿದ. ಸದ್ದು ಬಂತು, ಆದರೆ ಉಸಿರು ಕಟ್ಟಿದ ಸದ್ದು. ಸೈಲೆನ್ಸರಿನಿಂದ ನೀಲಿ ಹೊಗೆ ಬುಸ್ಸೆಂದು ಎದ್ದು ನಮ್ಮ ತುಳಸಿಕಟ್ಟೆಯನ್ನೇ ಮುಚ್ಚಿಬಿಟ್ಟಿತು.

‘ಬಂದ್ ಮಾಡು! ಮಲ್ಲೇಶಾ, ಬಂದ್ ಮಾಡು!’ ಕೈತಾನ್ ಕೂಗಿದ.

ಬಂದ್ ಮಾಡಿದ. ಬಾನೆಟ್ ಎತ್ತಿ ಕಡ್ಡಿ ಎಳೆದ. ಎಣ್ಣೆ ಮೇಲಿನ ಗೆರೆಯನ್ನು ದಾಟಿ ಬೆರಳುದ್ದ ಮೇಲೇರಿತ್ತು. ಅದರಲ್ಲಿ ಸಣ್ಣ ಸಣ್ಣ ಗುಳ್ಳೆ.

‘ನಿನ್ನೆ ಗೆರಿಗೆ ಸರಿ ಇತ್ತು,’ ಎಂದ ಮಲ್ಲೇಶ. ಅವನ ದನಿ ಅವನದಾಗಿರಲಿಲ್ಲ. ‘ನೀನೂ ನೋಡಿಯಲ್ಲ? ಎಣ್ಣಿ ತಾನ ಹೆಚ್ಚಾಗತೈತೇನು?’

‘ನೀರು ಇಳದಿರಬೇಕೇನು?’ ಎಂದ ಕೈತಾನ್.

‘ನೀರು ಇಳದಿದ್ರ ಹಾಲು ಹಾಕಿದ ಚಹಾದಂಗ ಆಗತಿತ್ತು. ಬಣ್ಣ ಹಂಗ ಐತಿ.’

ಕೈತಾನ್ ಕಡ್ಡಿಯನ್ನು ಮೂಗಿಗೆ ಹಿಡಿದು, ‘ಪೆಟ್ರೋಲು ಇಳದಿದ್ರ ವಾಸನಿ ಬರತಿತ್ತು. ಅದೂ ಇಲ್ಲ,’ ಎಂದ. ಮಲ್ಲೇಶ ಹಾಗೆಯೇ ನೆಲದ ಮೇಲೆ ಕೂತುಬಿಟ್ಟ.

‘ಒಳಗ ಏನೋ ಒಡದೈತಿ. ಇಂಜಿನ್ ಹೋತು ಕೈತಾನಾ. ಇದರ ಜೋಡಿ ಇನ್ನೊಂದು ಎಲ್ಲೆ ಸಿಗತೈತಿ?’

ಎಲ್ಲಿಯೂ ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು. ಒಂದು ಚಿಕ್ಕ ತುಂಡಿಗಾಗಿ ಅವರು ಎಷ್ಟು ಊರು ತಿರುಗಿದ್ದರೆಂಬುದನ್ನು ನಾನು ಕೇಳಿ ಬಲ್ಲೆ. ನನ್ನ ತಮ್ಮನ ಇಷ್ಟು ವರ್ಷದ ಸಂಜೆಗಳೆಲ್ಲ ಆ ಬಾನೆಟ್ಟಿನ ಕೆಳಗಿದ್ದವು. ರೇಷ್ಮೆ ಸೀರೆಯಲ್ಲಿ ನಿಂತ ನನಗೆ ಕಣ್ಣಲ್ಲಿ ನೀರು ಬಂತು, ಅವನ ಕಡೆ ನೋಡಲಾಗಲಿಲ್ಲ.

ಅಪ್ಪ ಮೂಲೆಯಲ್ಲಿದ್ದ ಆಯಿಲ್ ಡಬ್ಬಿಯನ್ನು ಕಾಲಿನಿಂದ ಸರಿಸಿದ. ಅದು ಟಣ್ ಎಂದಿತು. ‘ಇದರಾಗ ಏನೂ ಇಲ್ಲಲ್ಲೋ,’ ಎಂದ.

‘ಅದರಾಗಿಂದು ನಾ ಹಾಕಿದ್ನೆಪಾ,’ ಎಂದಳು ಅವ್ವ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಮುಚ್ಚಳ ಸಡ್ಲ ಇತ್ತು, ಡಬ್ಬ್ಯಾಗ ಇನ್ನಾ ಉಳದಿತ್ತು. ಆಕಿ ಮೊದಲನೇ ಸಲ ಮನಿ ಬಿಟ್ಟು ದೂರ ಹೊಂಟಾಳ. ಬರೇ ಅಳತಿ ಹಾಕಿ ಹೆಂಗ ಕಳಸೂದು? ಹಾಕಿ, ಮುಚ್ಚಳ ಬಿಗಿ ಮಾಡಿ ಬಂದೆ.’

ಮಲ್ಲೇಶನ ಸಿಟ್ಟು ನನಗೆ ಗೊತ್ತು. ಒಮ್ಮೆ ಒಂದು ಬೋಲ್ಟು ಬಿಚ್ಚಿ ಬರಲಿಲ್ಲವೆಂದು ಎಸೆದ ಪಾನಾ ಪಕ್ಕದ ಮನೆಯ ಹಿತ್ತಲಲ್ಲಿ ಸಿಕ್ಕಿತ್ತು. ಅವನು ಎದ್ದ. ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದ.

‘ಎಷ್ಟು ಹಾಕಿದೀ?’

‘ಕೊಸರು ಹಾಕೀನಿ.’

‘ಕೊಸರಂದ್ರ ಎಷ್ಟವ್ವಾ?’

‘ಕೊಸರಿಗೆ ಯಾರರ ಅಳತಿ ಇಡತಾರೇನೋ!’

ಕೈತಾನನಿಗೆ ತಡೆಯಲಾಗಲಿಲ್ಲ. ಹಂಚು ಅಲ್ಲಾಡಿತು. ಒಡೆದದ್ದೇನೂ ಇಲ್ಲ, ಎಣ್ಣೆ ಹೆಚ್ಚಾಗಿದೆ ಅಷ್ಟೆ ಎಂಬ ನೆಮ್ಮದಿಯೂ ಆ ನಗುವಿನಲ್ಲಿತ್ತು. ಆದರೆ ಮಲ್ಲೇಶ ನಗಲಿಲ್ಲ. ಆ ಒಂದಿಷ್ಟು ಹೊತ್ತು ತಿರುಗಿದ್ದರಲ್ಲೇ ಒಳಗೆ ಏನಾಗಿದೆಯೋ ಯಾರಿಗೂ ತಿಳಿಯದು. ಅವ್ವ ಅವನ ಮುಖ ನೋಡಿ ಕೈತಾನನನ್ನು ಕೇಳಿದಳು, ‘ಹೆಚ್ಚಾದ್ರ ಏನಾಗತೈತೋ? ಎಣ್ಣಿ ಚಲೋದಲ್ಲೇನು?’

‘ಅವ್ವಾರ, ಕೆಳಗ ಒಂದು ಕಡಗೋಲು ತಿರಗತೈತಿ ಅಂತ ತಿಳ್ಕೋರಿ,’ ಎಂದ ಕೈತಾನ್. ‘ಎಣ್ಣಿ ಅದರ ಕೆಳಗ ಇರಬೇಕು. ಏರಿ ಬಂತಂದ್ರ ಅದನ್ನ ಕಡದು ಕಡದು ನೊರಿ ಮಾಡತೈತಿ. ಎಣ್ಣಿ ಮ್ಯಾಲ ಕಬ್ಬಿಣ ತೇಲತೈತಿ, ನೊರಿ ಮ್ಯಾಲ ತೇಲಂಗಿಲ್ಲ. ತಿಕ್ಕಿ ತಿಕ್ಕಿ ಸವದು ಹೋಗತೈತಿ.’

ಮಜ್ಜಿಗೆ ಕಡೆದು ಮುದುಕಿಯಾದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತಳು. ತಟ್ಟೆಯನ್ನು ಪಕ್ಕಕ್ಕಿಟ್ಟು ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು.

‘ಅಂದ್ರ, ನಾ ಹಾಕಿದ್ದಕ್ಕ ಆಕಿ ಸಾಯತಾಳೇನು?’ ಎಂದಳು.

ಮಲ್ಲೇಶನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ‘ಇಲ್ಲವ್ವಾ, ಹೆಚ್ಚಿಂದು ತಗದ್ರ ಆತು,’ ಎಂದ. ಆದರೆ ಅವ್ವ ತಲೆಯಾಡಿಸಿದಳು. ಹಾಕಿದ್ದನ್ನು ತೆಗೆಯಬಾರದು, ಹೊರಟು ನಿಂತವಳ ಉಡಿಯಿಂದ ಕಸಿದುಕೊಂಡ ಹಾಗಾಗುತ್ತದೆ, ದಾರಿಯಲ್ಲಿ ಏನಾದರೂ ಆದೀತು ಎಂದಳು. ಹಾಕಿದ್ದೂ ಕೇಡು, ತೆಗೆಯುವುದೂ ಕೇಡು ಎಂದು ಅವಳ ಕಣ್ಣು ತುಂಬಿ ಬಂದವು. ಮಗನ ಗಾಡಿಯೂ ಉಳಿಯಬೇಕು, ಮಗಳು ಸುಖವಾಗಿ ಊರು ಮುಟ್ಟಬೇಕು.

‘ಅವ್ವಾ,’ ಎಂದೆ ನಾನು. ‘ನೀ ಉಡಿ ತುಂಬಿದ ಮ್ಯಾಲ ಐದು ಕಾಳು ನಿನ್ನ ಮೊರಕ್ಕ ಹೊಳ್ಳಿ ಹಾಕತೇನಲ್ಲ? ಅದನ್ನೇನು ನೀ ಕಸಗೊಂಡಂಗಾತೇನು?’

‘ಅದು ಮಗಳು ತಾನ ಕೊಡೂದು.’

‘ಆಕಿನೂ ತಾನ ಕೊಡತಾಳ ಬಿಡು. ಆಕಿಗೆ ಕೈ ಇಲ್ಲ, ಇವರು ಕೈ ಕೊಡತಾರ.’

ಅವ್ವ ಎದ್ದು ಒಳಗೆ ಹೋಗಿ, ದೇವರ ಮುಂದಿನ ಹಿತ್ತಾಳೆಯ ಬಟ್ಟಲು ತೊಳೆದು ಒರೆಸಿಕೊಂಡು ಬಂದಳು. ‘ಇದರಾಗ ಹಾಕ್ಲಿ ಹಂಗಾರ. ನೆಲಕ್ಕ ಚೆಲ್ಲಬ್ಯಾಡ್ರಿ,’ ಎಂದಳು.

ಕೆಳಗಿನ ಬೋಲ್ಟು ಬಿಚ್ಚಿ ಇಳಿಸೋಣವೆಂದರೆ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿದಂತಿದೆ. ಜಾಕ್ ಕೊಟ್ಟು ಎತ್ತಬಹುದು, ಆದರೆ ಆ ಬೋಲ್ಟಿನ ಹಲ್ಲು ಮೊದಲೇ ಸವೆದಿತ್ತು, ಹಿಂದಿನ ಸಂಜೆಯೇ ಬಹಳ ಪುಸಲಾಯಿಸಿ ಬಿಗಿದಿದ್ದರಂತೆ. ಮತ್ತೊಮ್ಮೆ ಅದನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆಗ ಕೈತಾನ್ ಬೈಕಿನ ಡಿಕ್ಕಿಯಿಂದ ತನ್ನ ಕರುಗಳಿಗೆ ಔಷಧಿ ಕುಡಿಸುವ ತೋರದ ಸಿರಿಂಜು ತೆಗೆದ. ಹೊಸದೇ, ಕರು ಇನ್ನೂ ಕಂಡಿರಲಿಲ್ಲ. ಅದರ ಮೂತಿಗೆ ತೆಳ್ಳನೆಯ ನಳಿಗೆ ಸಿಕ್ಕಿಸಿ, ಕಡ್ಡಿ ಹೋಗುವ ಕಿಂಡಿಯಿಂದಲೇ ಮೆಲ್ಲಗೆ ಒಳಗೆ ಇಳಿಸಿದರು.

ಮೊದಲು ನೊರೆ ಕೂರಲಿ ಎಂದು ಕಾಯಬೇಕಾಯಿತು. ಬಾಯ್ಲರಿನ ಮುಂದೆ ಕಾದು ಕಾದು ಅಭ್ಯಾಸವಿದ್ದ ಅಪ್ಪ, ‘ಸಾವಕಾಶ, ಸಾವಕಾಶ’ ಎನ್ನುತ್ತಿದ್ದ. ಆಮೇಲೆ ಮಲ್ಲೇಶ ಸಿರಿಂಜಿನ ದಂಡ ಎಳೆದ. ನಳಿಗೆಯಲ್ಲಿ ಜೇನಿನ ಬಣ್ಣದ ಒಂದು ಎಳೆ ಮೇಲಕ್ಕೆ ಹತ್ತಿ ಬಂತು. ನಾವೆಲ್ಲ ಬಗ್ಗಿ ನೋಡಿದೆವು. ಅಷ್ಟು ಬಲದ ಗಾಡಿ, ಅದರ ಹೊಟ್ಟೆಯ ತಳದಿಂದ ಸದ್ದಿಲ್ಲದೆ ಏರಿಬರುವ ಆ ತೆಳ್ಳನೆಯ ಎಳೆ! ನನಗೆ ಯಾವುದೋ ಗರ್ಭಗುಡಿಯ ಮುಂದೆ ನಿಂತ ಹಾಗೆ ಮೈ ಜುಮ್ಮೆಂದಿತು. ಸಿರಿಂಜು ತುಂಬಿದಾಗೆಲ್ಲ ಬಟ್ಟಲಿಗೆ ಬಿಡುವುದು, ಕಾಯುವುದು, ಕಡ್ಡಿ ಒರೆಸಿ ನೋಡುವುದು, ಮತ್ತೆ ಎಳೆಯುವುದು. ಒರೆಸಲು ಅವ್ವ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಕೊಟ್ಟಿದ್ದಳು. ಎರಡು ಗೆರೆಗಳ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಇಬ್ಬರಿಗೂ ಸಣ್ಣ ಜಗಳವಾಯಿತು. ಕೈತಾನ್ ಇನ್ನೂ ಸ್ವಲ್ಪ ತೆಗೆ ಅನ್ನುತ್ತಾನೆ, ಮಲ್ಲೇಶ ಸಾಕು ಅನ್ನುತ್ತಾನೆ. ನಮ್ಮ ಮನೆಯಲ್ಲಿ ಒಬ್ಬರು 'ಸಾಕು' ಅಂದಾಗ ಕೈ ನಿಂತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಕೊನೆಯ ಸಲ ಮಲ್ಲೇಶ ಕಡ್ಡಿಯನ್ನು ಅವ್ವನ ಕೈಗೆ ಕೊಟ್ಟ. ಅವ್ವ ಅದನ್ನು ಬೆಳಕಿಗೆ ಹಿಡಿದಳು. ಎಣ್ಣೆ ಮೇಲಿನ ಗೆರೆಗಿಂತ ಕೂದಲಿನಷ್ಟು ಕೆಳಗೆ ಹೊಳೆಯುತ್ತಿತ್ತು.

‘ಇಷ್ಟಾ?’ ಎಂದಳು. ‘ಇಷ್ಟು ದೊಡ್ಡ ಆಟಕ್ಕ ಇಷ್ಟ ಗೆರಿ?’

‘ಇಷ್ಟ ಅವ್ವಾ.’

ಅವ್ವ ಆ ಗೆರೆಗೆ ಕೈಮುಗಿದಳು. ನಾನು ನಗಲಿಲ್ಲ, ನನಗೂ ಮುಗಿಯಬೇಕೆನಿಸಿತ್ತು.

ಮಲ್ಲೇಶ ಒಳಗೆ ಕೂತ, ಆದರೆ ಕೀಲಿ ತಿರುಗಿಸಲು ಅವನ ಕೈ ಬರಲಿಲ್ಲ. ಒಳಗೆ ಸವೆದಿದ್ದರೆ ಈಗ ಸದ್ದಿನಲ್ಲಿ ತಿಳಿಯುತ್ತದೆ. ಕೈತಾನ್ ಬಾನೆಟ್ಟಿನ ಹತ್ತಿರ ಬಗ್ಗಿ ನಿಂತ. ಅಪ್ಪ ಒಳಗೆ ಹಾಡುತ್ತಿದ್ದ ರೇಡಿಯೋ ಆರಿಸಿದ. ಚಾಲೂ ಆಯಿತು. ಮೊದಲು ಒಂದು ಗುಕ್ಕು ಹೊಗೆ ಬಂತು. ಆಮೇಲೆ ಹೊಗೆ ತೆಳ್ಳಗಾಯಿತು, ಇಲ್ಲವಾಯಿತು, ತುಳಸಿ ಕಂಡಿತು. ಕೈತಾನ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು ಅದರ ಹಿಡಿಗೆ ಕಿವಿ ಹಚ್ಚಿದ. ಕೇಳಿದ. ಜಾಗ ಬದಲಿಸಿ ಮತ್ತೆ ಕೇಳಿದ. ಮುಖದಲ್ಲಿ ಏನೂ ತೋರಗೊಡಲಿಲ್ಲ. ಆಮೇಲೆ, ‘ಅವ್ವಾರ, ನೀವ ಕೇಳಿ ಹೇಳ್ರಿ’ ಎಂದ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಹಿಡಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದಳು. ನಾವೆಲ್ಲ ಅವಳ ಮುಖವನ್ನೇ ನೋಡಿದೆವು.

‘ಉಸರಾಡತಾಳ,’ ಎಂದಳು. ‘ತಂಪಾಗಿ ಉಸರಾಡತಾಳ.’

ಮಲ್ಲೇಶ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ಮಿಲ್ಲಿನ ಫಿಟ್ಟರು, ತಲೆ ನರೆತವನು. ಕೈತಾನ್ ಅವನ ಬೆನ್ನು ತಟ್ಟುತ್ತ ತನ್ನ ಕಣ್ಣನ್ನೂ ಒರೆಸಿಕೊಂಡ. ಒರೆಸಿಕೊಂಡದ್ದು ಎಣ್ಣೆಯ ಕೈ, ಇಡೀ ದಿನ ಅವನ ಕೆನ್ನೆಯ ಮೇಲೆ ಅದರ ಗುರುತಿತ್ತು.

ಅವ್ವ ನನ್ನ ಉಡಿ ತುಂಬಿದಳು. ನಾನು ಐದು ಕಾಳು ಮರಳಿ ಹಾಕಿದೆ. ನನ್ನನ್ನು ಗಾಡಿಯೊಳಗೆ ಇಳಿಸಲು ಮೂವರು ಬೇಕಾದರು, ಅದರ ವರ್ಣನೆ ನಿಮಗೆ ಬೇಡ. ಆಮೇಲಿನದನ್ನು ಹೇಗೆ ಹೇಳಲಿ? ಹಳಿಯಾಳದ ದಾರಿಯಲ್ಲಿ ಸಾಗವಾನಿಯ ಮರಗಳು ನಮ್ಮ ಮೇಲೆ ಹಾದುಹೋದವು. ಅಷ್ಟು ತಗ್ಗಿನಲ್ಲಿ ಕೂತರೆ ರಸ್ತೆಯಂಚಿನ ಹುಲ್ಲಿನ ತೆನೆಗಳೂ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಬಸ್ಸಿನಲ್ಲಿ ಎಷ್ಟೋ ಸಲ ತೂಕಡಿಸಿಕೊಂಡು ಹೋದ ದಾರಿ ಅದು, ಅಂದು ಮೊದಲ ಸಲ ನೋಡಿದಂತಿತ್ತು. ಮಲ್ಲೇಶ ಗಾಡಿಯನ್ನು ಒಂದೇ ಒಂದು ಸಲ, ನೇರ ದಾರಿ ಸಿಕ್ಕಾಗ, ಬಿಟ್ಟ. ಬೆನ್ನು ಸೀಟಿಗೆ ಅಂಟಿತು, ನನ್ನ ಮಡಿಲಿನ ಅಕ್ಕಿ ಗಡಗಡ ನಡುಗಿತು. ಇಷ್ಟು ಬಲವೆಲ್ಲ ಕೂದಲಿಗಿಂತ ತೆಳುವಾದ ಎಣ್ಣೆಯ ಮೇಲೆ ತೇಲುತ್ತಿದೆ ಎಂದು ನೆನೆದು ನಾನು ಬೆರಗಾಗಿ ಬಾಯಿ ಮುಚ್ಚಿ ಕೂತೆ. ನಾನು ಬಾಯಿ ಮುಚ್ಚಿದ್ದನ್ನು ನೋಡಿ ಮಲ್ಲೇಶ ಬೆರಗಾದ. ಮುಂಡಗೋಡದ ಟಿಬೆಟನ್ ಕಾಲೊನಿಯ ಹತ್ತಿರ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ಆ ಹಳದಿಯ ಪಕ್ಕ ನಮ್ಮ ಹಳದಿ ಗಾಡಿ ಮೆಲ್ಲಗೆ ಸರಿದು ಹೋಗುವಾಗ, ಜೋಳ ಕೆದಕುತ್ತಿದ್ದ ಒಬ್ಬ ಅಜ್ಜಿ ಕೈಯ ಹಲಗೆ ಬಿಟ್ಟು ನಿಂತು ನೋಡಿದಳು.

ಮನೆಯ ಮುಂದೆ ನಿಲ್ಲಿಸಿ ಮಲ್ಲೇಶ, ‘ಬಸ್ಸಿನ್ಯಾಗ ಅಲ್ಲ’ ಎಂದ. ನಾನು ಹೂಂ ಎಂದೆ.

ಇಷ್ಟೆಲ್ಲ ಹಳಿಯಾಳದ ಆ ಒಣ ಬಶಿಯ ಮುಂದೆ ನೆನಪಾಯಿತು. ಚಹಾ ಕುಡಿದು ಬಸ್ಸು ಹತ್ತಿ ತವರು ಮುಟ್ಟಿದೆ. ಮಲ್ಲೇಶ ಶಿಫ್ಟಿಗೆ ಹೋಗಿದ್ದ. ಅವನ ಗಾಡಿ ಶೆಡ್ಡಿನಲ್ಲಿ ಸುಖವಾಗಿತ್ತು. ಬಟ್ಟಲಿನ ಎಣ್ಣೆಯನ್ನು ಅವ್ವ ಬಾಗಿಲುಗಳ ತಿರುಗಣಿಗೆಲ್ಲ ಬಿಟ್ಟು ಮುಗಿಸಿದ್ದಳು, ಕದ ಸದ್ದಿಲ್ಲದೆ ತೆರೆಯಿತು. ಅವ್ವ ಒಳಗಿನಿಂದ ನಗುತ್ತ ಬಂದಳು, ಕೂರಿಸಿದಳು, ಚಹಾ ಮಾಡಿ ತಂದಿಟ್ಟಳು.

ಮುಕ್ಕಾಲು ಕಪ್ಪು. ಒಣ ಬಶಿ.

ನಾನು ಅವಳ ಮುಖ ನೋಡಿದೆ. ಕಿಟ್ಲಿ ಇನ್ನೂ ಅವಳ ಕೈಯಲ್ಲಿತ್ತು, ಅದರಲ್ಲಿ ಚಹಾ ಬೇಕಾದಷ್ಟಿತ್ತು. ಅಪ್ಪ ಕುರ್ಚಿಯಿಂದಲೇ, ‘ಈಗ ಕಟ್ಟಿದ್ರ ನನ್ನ ಡಬ್ಬಿನೂ ಚಂದಂಗ ಮುಚ್ಚತೈತಿ ನೋಡ, ಮಿಲ್ ಬಿಟ್ಟ ಮ್ಯಾಲ!’ ಎಂದು ನಗೆಯಾಡಿದ. ಅವ್ವನೂ ನಕ್ಕಳು, ಆದರೆ ಅವಳ ಕಣ್ಣು ನನ್ನ ಕಪ್ಪಿನ ಮೇಲೆಯೇ ಇತ್ತು. ಅಂದಿನಿಂದ ಆ ಕೈ ಹೆದರಿಕೊಂಡಿದೆ ಎಂದು ನನಗೆ ಆಗ ತಿಳಿಯಿತು. ಎಷ್ಟಕ್ಕೆ ನಿಲ್ಲಿಸಬೇಕೋ, ಎಷ್ಟು ಹೆಚ್ಚಾದರೆ ಯಾರಿಗೆ ಏನಾದೀತೋ ಎಂದು.

‘ಗೆರಿ ತನಕಾ ಹಾಕೀನಿ,’ ಎಂದಳು ಮೆಲ್ಲಗೆ. ‘ಸಾಕಲ್ಲ?’

‘ನಾ ಏನ್ ಗಾಡಿ ಏನವ್ವಾ?’ ಎಂದೆ. ‘ನನಗ್ಯಾವ ಗೆರಿ? ಹಾಕು.’

ಅವಳು ಕಿಟ್ಲಿ ಬಗ್ಗಿಸಿದಳು. ಕಪ್ಪು ತುಂಬಿತು. ಬಶಿಗೆ ಇಳಿಯಿತು. ಬಶಿಯೂ ತುಂಬಿ ಮೇಜಿನ ಮೇಲೆ ಹರಿದು, ಅಂಚಿನಿಂದ ನನ್ನ ಹೊಸ ಸೀರೆಯ ಮೇಲೆ ಬೆಚ್ಚಗೆ ತೊಟ್ಟಿಕ್ಕಿತು. ಸಾಕು ಎಂದು ನಾನು ಹೇಳಲೇ ಇಲ್ಲ.